ಹೋಟೆಲ್ ನೋಡುವ ಶಾಸ್ತ್ರ

ಅಪ್ಪ-ಅಮ್ಮನ ಮದುವೆಯ ನಲವತ್ತನೇ ವರ್ಷದ ಸಮಾರಂಭಕ್ಕೆ ಬೆಂಗಳೂರಿನ ದೊಡ್ಡ ಹೋಟೆಲ್ಲೇ ಆಗಬೇಕೆಂದು ಹಟ ಹಿಡಿದವನು ನಾನು. ಒಬ್ಬನೇ ಹೋಗಿ ನೋಡಿಕೊಂಡು ಬರೋಣ ಅಂದುಕೊಂಡಿದ್ದೆ. ನಮ್ಮ ಚನ್ನಪಟ್ಟಣದ ಕಡೆ ಅದೆಲ್ಲ ಉಂಟೇ? ನನಗೆ ಹೆಣ್ಣು ನೋಡೋಕೆ ಪ್ರತಿಸಲ ಹೊರಡುವ ಹಾಗೇ ಅಮ್ಮ ಹಣ್ಣು, ಮಲ್ಲಿಗೆ, ಎಲೆಅಡಿಕೆ ಹಿಡಿದು ಟೆಂಪೊ ಹತ್ತಿದಳು. ದೊಡ್ಡಪ್ಪ, ಅತ್ತೆಯರು, ಸೋದರಮಾವ ಎಲ್ಲರೂ ಹಿಂದೆಯೇ ಹತ್ತಿದರು.

ಅಬ್ಬಾ, ಆ ಹಾಲ್! ತೂಗುದೀಪ ನೋಡುತ್ತ ನಿಂತ ದೊಡ್ಡಪ್ಪನಿಗೆ ಹೆಗಲ ಮೇಲಿನ ಟವಲ್ಲು ಜಾರಿದ್ದೇ ಗೊತ್ತಾಗಲಿಲ್ಲ. ಬುಕಿಂಗ್ ನೋಡಿಕೊಳ್ಳುವ ಹುಡುಗಿ ಇಂಗ್ಲಿಷಿನಲ್ಲೇ ವಿವರಿಸುತ್ತ ಎಲ್ಲ ತೋರಿಸಿದಳು. ಅಮ್ಮ ಪೂರ್ತಿ ಅರ್ಥವಾದವಳಂತೆ ತಲೆಯಾಡಿಸುತ್ತಿದ್ದಳು.

ಕೊನೆಗೆ ಆ ಹುಡುಗಿ ನನ್ನತ್ತ ತಿರುಗಿ "ಕನ್ಫರ್ಮ್, ಸರ್?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ "ನಮ್ಗೆ ಒಪ್ಗೆ ಐತೆ ಕಣವ್ವ" ಅಂದುಬಿಟ್ಟರು. ಅಮ್ಮ ಹಿಗ್ಗಿನಿಂದ ಮುಂದೆ ಹೋಗಿ, ಅವಳ ಕೈಗೆ ಹಣ್ಣು, ಎಲೆಅಡಿಕೆ ಇಟ್ಟು, ಜಡೆಗೆ ಮಲ್ಲಿಗೆ ಮುಡಿಸಿಯೇ ಬಿಟ್ಟಳು. ನಮ್ಮಲ್ಲಿ ಹೂ ಮುಡಿಸಿದರೆ ಹೆಣ್ಣು ಗೊತ್ತಾದ ಹಾಗೆ.

ಹುಡುಗಿ ಗಾಬರಿಯಾದಳು. ಇಂಗ್ಲಿಷು ಎಲ್ಲಿ ಹೋಯಿತೋ, ಅಪ್ಪಟ ಕನಕಪುರದ ಮಾತು ಹೊರಬಿತ್ತು: "ಅಯ್ಯೋ, ನಂಗಾಗ್ಲೇ ಮದ್ವೆ ಆಗೈತೆ ಕಣಮ್ಮ!"

"ಹೂವ ನಿಂಗಲ್ಲ ಕಣವ್ವ, ನಿಮ್ಮ ಹೋಟ್ಲಿಗೆ!" ಅಂದಳು ಅಮ್ಮ.

ಹಾಲಿನ ತುಂಬ ನಗುವೋ ನಗು. ನಾನು ಮಾತ್ರ ಒಸಿ ತಡವಾಗಿ ನಕ್ಕೆ.