ಎಂಟು ತಲೆಯ ಹಾವು, ನಮ್ಮತ್ತೆಯ ತಕರಾರು

ಕಳೆದ ಶನಿವಾರ ನಮ್ಮತ್ತೆ ಜಪಾನಿನ ದೇವರೊಬ್ಬನನ್ನು ತರಾಟೆಗೆ ತೆಗೆದುಕೊಂಡರು. ಅದೂ ಅವನ ಊರಿನವರ ಅಡುಗೆಮನೆಯಲ್ಲೇ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತಾ!

ಆದದ್ದಿಷ್ಟು. ಏಳನೇ ಗ್ರೇಡಿನ ನನ್ನ ಮಗಳು ಮೇಘಾ, ಜಪಾನಿನ ಪುರಾತನ ಪ್ರಾಂತ್ಯ ಇಜುಮೋ ಬಗ್ಗೆ ಸ್ಕೂಲಿಗೆ ರಿಪೋರ್ಟು ಬರೆದಿದ್ದಳು. ಟೀಚರು ವಾಪಸ್ ಕೊಟ್ಟರು. 'ಎಲ್ಲ ಲೈಬ್ರರಿ ಪುಸ್ತಕದ್ದೇ ಆಯಿತು. ನಿನ್ನದೊಂದು ಪ್ರಶ್ನೆ ಎಲ್ಲಿ?' ಸೋಮವಾರವೇ ಕೊನೆಯ ಅವಕಾಶ. ಹುಡುಗಿ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು.

ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಸಚಿಕೋ ಹುಟ್ಟಿ ಬೆಳೆದದ್ದು ಅದೇ ಇಜುಮೋದಲ್ಲಿ. ಸರಿ, ಟೇಪ್ ರೆಕಾರ್ಡರು ಹಿಡಿದು ಹೊರಟೆವು. ಧಾರವಾಡದಿಂದ ಬಂದಿರುವ ಅತ್ತೆಯೂ ಜೊತೆಗೆ. (ಬಿಟ್ಟು ಹೋಗುವ ಧೈರ್ಯ ಯಾರಿಗಿದೆ?) ಅಜ್ಜಿ ಕತೆ ಶುರುಮಾಡಿದರೆ ಟಿವಿ ಮುಂದೆ ಓಡುವ ಮೇಘಾ ಮುಖ ಸಿಂಡರಿಸಿದಳು.

ಸಚಿಕೋ ಹೇಳತೊಡಗಿದರು. ಸ್ವರ್ಗದಿಂದ ಹೊರದಬ್ಬಿಸಿಕೊಂಡ ಬಿರುಗಾಳಿ ದೇವರು ಇಜುಮೋಗೆ ಬಂದ. ಅಲ್ಲಿ ಎಂಟು ತಲೆಯ ಹಾವು ವರ್ಷಕ್ಕೊಬ್ಬ ಹುಡುಗಿಯನ್ನು ನುಂಗುತ್ತಿತ್ತು. ಇವನು ಎಂಟು ತೊಟ್ಟಿ ಅಕ್ಕಿಹೆಂಡ ಇಡಿಸಿದ. ಹಾವು ಎಂಟೂ ತಲೆ ಅದ್ದಿ ಕುಡಿದು ಮಲಗಿತು. ಕತ್ತರಿಸಿ ಹಾಕಿದ!

ನಾನು ಕನ್ನಡ ಮಾಡಿ ಹೇಳಿದ್ದೇ ತಡ, ಅತ್ತೆ ಕಪ್ಪು ಕೆಳಗಿಟ್ಟರು.

"ಅಯ್ಯ, ಕುಡಿಸಿ, ಮಲಗಿದ ಮ್ಯಾಲೆ ಕಡಿಯೂದು ಎಂಥಾ ಶೂರತನಾ? ಅದೂ ನಾಗಪ್ಪನ್ನ! ಸರ್ಪದೋಷ ಬರಂಗಿಲ್ಲೇನು? ಆಮ್ಯಾಲೆ ಶಾಂತಿ ಮಾಡಿಸಿದ್ರೋ ಇಲ್ಲೋ, ಕೇಳು ಅವರನ್ನ."

"ಅಮ್ಮಾ, ಪ್ಲೀಸ್, ಡೋಂಟ್!" ಮೇಘಾ ಪಿಸುಗುಟ್ಟಿದಳು. ಸಚಿಕೋ ಮುನಿಸಿಕೊಂಡರೆ ರಿಪೋರ್ಟಿನ ಗತಿ? ಆದರೂ ತಡವರಿಸುತ್ತಾ ಕೇಳಿಯೇಬಿಟ್ಟೆ.

ಸಚಿಕೋ ಚಪ್ಪಾಳೆ ತಟ್ಟಿದರು! "ಇಷ್ಟು ವರ್ಷ ನನಗೇ ಹೊಳೆಯದ ಪ್ರಶ್ನೆ! ಹಳೇ ಪಂಚಾಂಗದ ಹತ್ತನೇ ತಿಂಗಳಲ್ಲಿ ದೇಶದ ದೇವರೆಲ್ಲ ಇಜುಮೋದಲ್ಲಿ ಸಭೆ ಸೇರುತ್ತಾರೆ. ಸಮುದ್ರದಿಂದ ಅವರಿಗೆ ದಾರಿ ತೋರಿಸುವುದು ಯಾರು ಗೊತ್ತೇ? ಒಂದು ಹಾವು. ಅದನ್ನು ನಾವು ಪೂಜಿಸುತ್ತೇವೆ."

ಅದನ್ನೂ ಕನ್ನಡದಲ್ಲಿ ಹೇಳಿದ್ದೇ, ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ನಾ ಹೇಳ್ಲಿಲ್ಲೇನು? ಶಾಂತಿ ಮಾಡ್ಯಾರ!"

ಆ ಹಾವಿಗೂ ಈ ಹಾವಿಗೂ ಸಂಬಂಧ ಇದೆಯೋ ಇಲ್ಲವೋ, ನನಗಂತೂ ಮೈ ಜುಂ ಎಂದಿತು. ಮೇಘಾ ರೆಕಾರ್ಡರನ್ನು ಅಜ್ಜಿಯ ಬಾಯಿಯ ಹತ್ತಿರಕ್ಕೇ ತಂದಳು. "ಅಜ್ಜೀ, ಸೇ ಇಟ್ ಅಗೇನ್!"

ಸೋಮವಾರ ಇಡೀ ಕ್ಲಾಸು ಧಾರವಾಡದ ಕನ್ನಡ ಕೇಳಿತು, ಮೇಘಾಳ ಇಂಗ್ಲಿಷ್ ಅನುವಾದದ ಜೊತೆ. ಟೀಚರಿಗೆ ಬೇಕಿದ್ದ ಪ್ರಶ್ನೆ ಸಿಕ್ಕಿತ್ತು. ಮೇಘಾ ಈಗ ದಿನಾ ಸಂಜೆ ಟೇಪು ಹಿಡಿದು ಅಜ್ಜಿಯ ಮುಂದೆ ಹಾಜರು.

ಪಕ್ಕದ ಮಂಚದಲ್ಲೇ ಮಲಗುವ ಅಜ್ಜಿಯ ಮಾತು ಕಿವಿಗೆ ಬೀಳಲು ಇಜುಮೋ ಸುತ್ತಿ ಬರಬೇಕಾಯಿತೇ?