ಬಿಸಿಲಿಗೆ ಹಾಕಿದ ಮಣಿಗಳು

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ದಿನಗಳಲ್ಲಿ ಕುರುಬರಹಳ್ಳಿಯ ನಮ್ಮ ಮನೆಯಲ್ಲಿ ಒಗ್ಗರಣೆಯೇ ಹಾಕುತ್ತಿರಲಿಲ್ಲ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಕೀಮೋ ತೆಗೆದುಕೊಳ್ಳುತ್ತ ನಮ್ಮಲ್ಲೇ ಇದ್ದಳು. ಇಂಗಿನ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದಳು. ಬಾಯಿ ತುಂಬ ಹುಣ್ಣು. ಕ್ಯಾನ್ಸರ್ ಇದ್ದದ್ದು ಎದೆಯಲ್ಲಿ. ಔಷಧಿ ಮಾತ್ರ ಬಾಯಿ, ಹೊಟ್ಟೆ, ಕೂದಲು ಯಾವುದನ್ನೂ ಬಿಡಲಿಲ್ಲ. ಇದೆಂಥ ಔಷಧಿ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಅದನ್ನೇ ಹಿಡಿದೆ. ಔಷಧಿಯನ್ನು ಪುಟ್ಟ ಮಣಿಯೊಳಗೆ ಮುಚ್ಚಿಡಬೇಕು, ಗಡ್ಡೆ ಇರುವಲ್ಲಿಗೆ ಹೋಗುವವರೆಗೆ ಅದು ಹೊರಗೆ ಬರಬಾರದು. ಔಷಧಿಯ ಬದಲು ಅಡುಗೆಯ ಕೆಂಪು ಬಣ್ಣ. ಅದನ್ನು ಕಡಲಪಾಚಿಯ ಪುಡಿಯೊಂದಿಗೆ ಕಲಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ನೀರಿಗೆ ಹನಿಹನಿ ಬಿಟ್ಟರೆ ಮಣಿ ಕಟ್ಟುತ್ತಿತ್ತು. ಆದರೆ ಆ ಮಣಿಯನ್ನು ಬರೀ ನೀರಿಗೆ ಹಾಕಿದ ಐದೇ ನಿಮಿಷಕ್ಕೆ ಬಣ್ಣವೆಲ್ಲ ಹೊರಗೆ. ಪುಡಿ ಹೆಚ್ಚಿಸಿದೆ, ಕಡಿಮೆ ಮಾಡಿದೆ. ಮೂರು ವಾರ ಅದೇ ಹಾಳು ಕೆಂಪು ನೀರು.

"ಆಯ್ತೇನೇ ನಿನ್ನ ಔಷಧಿ? ಒಂದ್ಸಲ ಖಾರವಾಗಿ ಸಾರನ್ನ ತಿನ್ಬೇಕು ಕಣೇ" ಎಂದು ಚಿಕ್ಕಮ್ಮ ತಮಾಷೆಗೆ ಕೇಳುತ್ತಿದ್ದಳು. ನನಗೆ ತಮಾಷೆ ಅನಿಸುತ್ತಿರಲಿಲ್ಲ.

ಪ್ರದರ್ಶನದ ಹಿಂದಿನ ದಿನ ಸ್ಕೂಲಿನಿಂದ ಬಂದು ನೋಡಿದರೆ ಮಣಿ ಮಾಡಿಟ್ಟಿದ್ದ ಬಟ್ಟಲು ಖಾಲಿ. ತಾರಸಿಯ ಮೇಲೆ ಹಳೇ ಪಂಚೆ ಹಾಸಿ, ನನ್ನ ಮಣಿಗಳನ್ನೆಲ್ಲ ಚಿಕ್ಕಮ್ಮ ಬಿಸಿಲಿಗೆ ಹರಡಿದ್ದಳು. ಮುದುಡಿ ಸಾಸಿವೆಯಷ್ಟಾಗಿದ್ದವು.

"ಸಂಡಿಗೆಗೆ ನಿಮ್ಮಮ್ಮ ಬಣ್ಣ ಹಾಕಿ ಬೇಯ್ಸಿಟ್ಟಿರೋ ಸಾಬಕ್ಕಿ ಅಂದ್ಕೊಂಡೆ ಕಣೇ. ಕೂತು ಕೂತು ಸಾಕಾಗಿತ್ತು, ನನ್ನಿಂದ ಇದಾದ್ರೂ ಆಗ್ಲಿ ಅಂತ..."

"ನಿನಗೋಸ್ಕರ ತಾನೇ ನಾನು ಒದ್ದಾಡ್ತಿರೋದು! ಸುಮ್ನೆ ಮಲಗಿರೋಕಾಗಲ್ವಾ ನಿಂಗೆ?"

ಪಂಚೆಯನ್ನು ಕಸದ ಬುಟ್ಟಿಗೆ ಕೊಡವಿದೆ. ಚಿಕ್ಕಮ್ಮ ನೆಲಕ್ಕೆ ಬಿದ್ದಿದ್ದ ನಾಲ್ಕು ಮಣಿ ಆರಿಸಿ ತಂದು ನನ್ನ ಪುಸ್ತಕದ ಪಕ್ಕ ಇಟ್ಟು ಹೋದಳು. ಅವನ್ನೂ ಎಸೆದೆ. ಪ್ರದರ್ಶನಕ್ಕೆ ಹೋಗಲೇ ಇಲ್ಲ. ಮುಂದಿನ ವರ್ಷ ಚಿಕ್ಕಮ್ಮ ತೀರಿಕೊಂಡಳು.

ಈಗ ಫಾರ್ಮಸಿ ಓದುತ್ತಿದ್ದೇನೆ. ಮೊನ್ನೆ ಲ್ಯಾಬಿನಲ್ಲಿ ಅದೇ ಮಣಿ ಮಾಡಿಸಿದರು. "ಹಸಿಹಸಿಯಾಗೇ ಹಾಕಿದ್ರೆ ಸೋರದೆ ಇನ್ನೇನಾಗುತ್ತಮ್ಮಾ? ಮೊದಲು ಒಣಗಿಸಿ" ಎಂದರು ಮೇಡಂ. ಒಣಗಿಸಿದ ಮಣಿ ಹಾಕಿದ ನೀರು ಬಹಳ ಹೊತ್ತು ತಿಳಿಯಾಗಿಯೇ ಇತ್ತು. ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ.

ಅದರಿಂದ ಚಿಕ್ಕಮ್ಮ ಉಳಿಯುತ್ತಿರಲಿಲ್ಲ, ಗೊತ್ತು. ಮನೆಯಲ್ಲಿ ಈಗ ದಿನವೂ ಒಗ್ಗರಣೆ ಹಾಕುತ್ತಾರೆ. ಇಂಗಿನ ವಾಸನೆ ಬಂದಾಗಲೆಲ್ಲ ಆ ನಾಲ್ಕು ಮಣಿ ನೆನಪಾಗಿ ನನ್ನ ಮೇಲೇ ಸಿಟ್ಟು ಬರುತ್ತದೆ. ನೀನು ಮಾಡಿದ್ದೇ ಸರಿ ಚಿಕ್ಕಮ್ಮ ಎಂದು ಹೇಳಬೇಕು, ಕೇಳಲು ಅವಳಿಲ್ಲ.