ಕಾಲಂ ಇಲ್ಲದ ಗುಣ

ಪುಣೆಯ ಕಾಲೇಜೊಂದರಲ್ಲಿ ಹೊಸಬರನ್ನು ಆರಿಸಲು ಕಂಪನಿ ನನ್ನನ್ನೂ ಎಚ್‌ಆರ್‌ನ ದೇಸಾಯರನ್ನೂ ಕಳಿಸಿತ್ತು. ಗುಂಪು ಚರ್ಚೆಯಲ್ಲಿ ಎಲ್ಲರೂ ಕೂಗಾಡುತ್ತಿದ್ದಾಗ ಒಬ್ಬ ಹುಡುಗ ಇಂಗ್ಲಿಷ್ ಪದ ಸಿಗದೆ ತಡವರಿಸಿದ. ಪುಣೆ ಹತ್ತಿರದ ಶಿರೂರಿನ ಹುಡುಗಿಯೊಬ್ಬಳು ಉಳಿದವರನ್ನು ಸುಮ್ಮನಿರಿಸಿ, ಅವನ ಮಾತು ಮುಗಿಯುವವರೆಗೆ ಕಾದಳು. ಅಷ್ಟರಲ್ಲಿ ಸಮಯವೇ ಮುಗಿಯಿತು.

ದೇಸಾಯರು ಅವಳ ಹೆಸರು ಹೊಡೆದುಹಾಕಿದರು.

“ಲಿಖಿತ ಪರೀಕ್ಷೆಯೊಳಗ ಆಕೀನ ಫಸ್ಟ್ ಅದಾಳಲ್ರಿ,” ಎಂದೆ.

“ಇರ್ಲಿ ಬಿಡ್ರಿ. ಸಾಫ್ಟ್ ಸ್ಕಿಲ್ಸ್ ಭಾಳ ಕಡಿಮಿ. ವಿಷಯದ ಮ್ಯಾಲ ತಾನು ಒಂದ ಮಾತೂ ಆಡಲಿಲ್ಲ.”

“ಉಳಿದವರನ್ನ ಸುಮ್ಮನ ಕೂಡಿಸಿದ್ದು ಯಾರ್ರಿ?”

“ಅದಕ್ಕ ಮಾರ್ಕ್ಸ್ ಕೊಡೋ ಕಾಲಂ ಇಲ್ರಿ.”

ಹೊರಗೆ ಆಕೆ ಮರಾಠಿಯಲ್ಲಿ ಕೇಳಿದಳು: “ಸರ್, ನನ್ನದೇನು ತಪ್ಪಾಯಿತು?”

ನನಗೆ ಮೈಯೆಲ್ಲ ಉರಿಯುತ್ತಿತ್ತು. “ಬೇರೆಯವರಿಗೆ ಮಾತಾಡಲು ಬಿಡುವುದನ್ನು ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೇಲೆ ತರಬೇತಿ ಕೊಟ್ಟು ಕಲಿಸುತ್ತಾರಮ್ಮ,” ಎಂದೆ. “ನೀನು ಮೊದಲೇ ಕಲಿತು ಬಂದುಬಿಟ್ಟೆ.”